ಬೆನ್ನುನೋವಿನವರ ಬಳಗ: ಮುಂಬಯಿಯಲ್ಲಿ ಹುಡುಕುವುದು ಹೇಗೆ, ಸಿಗದಿದ್ದರೆ ಕಟ್ಟುವುದು ಹೇಗೆ

ಓದುಗರಿಂದ ಬರುವ ಪತ್ರಗಳಲ್ಲಿ ಎರಡು ಪ್ರಶ್ನೆಗಳು ತಿಂಗಳು ತಿಂಗಳೂ ತಿರುಗಿ ಬರುತ್ತಿವೆ. ಮೊದಲನೆಯದು: “ವರ್ಷಗಳಿಂದ ಸೊಂಟನೋವು. ಡಾಕ್ಟರಿಗೆ ಕೇಳಲು ಸಮಯವಿಲ್ಲ, ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ. ನನ್ನಂಥವರು ಒಟ್ಟಿಗೆ ಕುಳಿತು ಮಾತನಾಡುವ ಜಾಗ ಈ ಊರಿನಲ್ಲಿ ಇದೆಯೇ?” ಎರಡನೆಯದು ಇನ್ನೂ ಆತಂಕದ್ದು: “ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದಾರೆ. ಮಾಡಿಸಿಕೊಂಡ ಕನ್ನಡದವರು ಒಬ್ಬರಾದರೂ ಸಿಕ್ಕಿದರೆ ಮಾತನಾಡಬೇಕು.”

ಎರಡಕ್ಕೂ ಸೇರಿ ಇಲ್ಲಿ ಉತ್ತರ ಬರೆದಿದ್ದೇನೆ. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸೊಂಟನೋವಿದ್ದವರು 61.9 ಕೋಟಿ. ಇಷ್ಟು ಜನರಿಗೆ ಇದ್ದರೂ ಇದು ಒಬ್ಬೊಬ್ಬರನ್ನೇ ಮೂಲೆಗೆ ತಳ್ಳುವ ಕಾಯಿಲೆ. ಕೈಗೆ ಪ್ಲಾಸ್ಟರ್ ಹಾಕಿದವರಿಗೆ ಲೋಕಲ್ ರೈಲಿನಲ್ಲಿ ಜಾಗ ಸಿಗುತ್ತದೆ. ಬೆನ್ನಿನ ನೋವು ಯಾರ ಕಣ್ಣಿಗೂ ಕಾಣುವುದಿಲ್ಲ. “ನಿನ್ನೆ ಚೆನ್ನಾಗಿಯೇ ಇದ್ದೆಯಲ್ಲ” ಎಂಬ ಮಾತನ್ನು ಕೇಳದ ಬೆನ್ನುನೋವಿನವರನ್ನು ನಾನು ಇದುವರೆಗೆ ಕಂಡಿಲ್ಲ. ಬಳಗ ಬೇಕಾಗುವುದು ಆ ಕಾರಣಕ್ಕೆ.

ಎಲ್ಲಕ್ಕೂ ಮೊದಲು: ಯಾವಾಗ ಬಳಗವಲ್ಲ, ಆಸ್ಪತ್ರೆ

ಇದನ್ನು ಓದದೆ ಮುಂದೆ ಹೋಗಬೇಡಿ. ಮೂತ್ರ ಕಟ್ಟಿಕೊಂಡಿದ್ದರೆ, ಅಥವಾ ಮೂತ್ರವೋ ಮಲವೋ ಹಿಡಿತ ತಪ್ಪಿ ಹೋಗುತ್ತಿದ್ದರೆ, ಗುದದ್ವಾರದ ಸುತ್ತ ಮತ್ತು ತೊಡೆಯ ಒಳಭಾಗದಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ಎರಡೂ ಕಾಲುಗಳ ಬಲ ಕುಂದುತ್ತಿದ್ದರೆ ಅದು ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಕೊಂಡಿರುವ ಲಕ್ಷಣ. ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಜ್ವರದೊಂದಿಗೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಬಿದ್ದ ಮೇಲೆ ಶುರುವಾದ ತೀವ್ರ ನೋವು, ಮಲಗಿದರೂ ತಗ್ಗದ ರಾತ್ರಿಯ ನೋವು, ಇವಕ್ಕೂ ಮೊದಲು ವೈದ್ಯರು. ಕ್ಷಯವು ಬೆನ್ನುಮೂಳೆಗೂ ತಗಲುತ್ತದೆ ಎಂಬುದನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಈ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಬಳಗ ಕಟ್ಟಿದ ದಿನ ಗೋಡೆಗೆ ಅಂಟಿಸಬೇಕಾದ ಮೊದಲ ಕಾಗದ ಅದು.

ಹಂತ 1: ಈಗಾಗಲೇ ಇರುವುದನ್ನು ಹುಡುಕಿ

ಹುಡುಕಾಟವನ್ನು ನೀವು ಚಿಕಿತ್ಸೆ ಪಡೆಯುವ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಿಂದ ಶುರುಮಾಡಿ. ಒಂದೇ ತೊಂದರೆಯವರು ವಾರವಾರವೂ ಅಕ್ಕಪಕ್ಕದ ಮಂಚಗಳ ಮೇಲೆ ಮಲಗಿರುವುದು ಅಲ್ಲಿಯೇ. ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ನಾಯರ್‌ನಂತಹ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ರೋಗಿಯ ಹಣಕಾಸು, ಮನೆಯ ಪರಿಸ್ಥಿತಿ, ಸರ್ಕಾರದ ನೆರವು ಇವುಗಳಲ್ಲಿ ದಾರಿ ತೋರಿಸುವುದೇ ಅವರ ಕೆಲಸ. “ಬೆನ್ನಿನ ರೋಗಿಗಳು ಸೇರುವ ಗುಂಪು ಇದೆಯೇ? ಇಲ್ಲದಿದ್ದರೆ ಆಪರೇಷನ್ ಆದ ಯಾರಾದರೂ ಒಪ್ಪಿದರೆ ಅವರೊಂದಿಗೆ ಮಾತನಾಡಿಸುತ್ತೀರಾ?” ಎಂದು ನೇರವಾಗಿ ಕೇಳಿ. ಹಾಜಿ ಅಲಿಯ ಬಳಿ ಇರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯೂ ವಿಚಾರಿಸಲು ತಕ್ಕ ಜಾಗ.

ಇಲ್ಲಿ ಒಂದು ಎಚ್ಚರಿಕೆ. “ಬೆನ್ನುನೋವಿನ ಉಚಿತ ಶಿಬಿರ” ಎಂದು ಹಾಕಿದ ಬ್ಯಾನರುಗಳಲ್ಲಿ ಅನೇಕವು ಬೆಲ್ಟ್, ಹಾಸಿಗೆ, ಎಣ್ಣೆ, ಮಸಾಜಿನ ಯಂತ್ರ ಮಾರುವವರವು. ಮೊದಲ ಸಲ ಹೋದಾಗಲೇ ಏನಾದರೂ ಕೊಳ್ಳಲು ಹೇಳಿದರೆ, ಮುಂಗಡ ಹಣ ಕಟ್ಟಿದವರಿಗೆ ಮಾತ್ರ ಪ್ರವೇಶ ಎಂದರೆ, ಒಂದೇ ಆಸ್ಪತ್ರೆಯ ಅಥವಾ ಒಬ್ಬರೇ ವೈದ್ಯರ ಹೆಸರನ್ನು ಪದೇ ಪದೇ ಹೇಳಿದರೆ ಅದು ನೀವು ಹುಡುಕುತ್ತಿರುವ ಬಳಗವಲ್ಲ. ಎದ್ದು ಬನ್ನಿ.

ಸಿಕ್ಕ ಗುಂಪು ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತಿದ್ದರೆ ಅದನ್ನು ಬಿಡಬೇಕಿಲ್ಲ. ಆ ಭಾಷೆ ನಿಮಗೆ ಹಗುರವಾಗಿದ್ದರೆ ಸೇರಿಕೊಳ್ಳಿ. ನಲವತ್ತು ವರ್ಷದಿಂದ ಇಲ್ಲಿದ್ದರೂ ನೋವಿನ ಮಾತು ಮಾತ್ರ ಕನ್ನಡದಲ್ಲೋ ತುಳುವಿನಲ್ಲೋ ಬರುವವರು ಬಹಳ ಮಂದಿ. ಅವರಿಗೆ ಮುಂದಿನ ಹಂತಗಳು.

ಹಂತ 2: ಇಬ್ಬರು, ಒಂದು ಜಾಗ, ಒಂದು ವೇಳೆ

ಒಬ್ಬರೇ ಬಳಗ ಕಟ್ಟಲು ಹೋಗಬೇಡಿ. ಬೆನ್ನುನೋವಿನವರಿಗೆ ಯಾವ ಭಾನುವಾರ ಏಳಲಾಗದು ಎಂದು ಮೊದಲೇ ಗೊತ್ತಿರುವುದಿಲ್ಲ. ನೀವು ಮಲಗಿದ ದಿನ ಬಾಗಿಲು ತೆರೆಯಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನೋವಿಲ್ಲದವರಾಗಿದ್ದರೆ, ಉದಾಹರಣೆಗೆ ನೋವಿರುವವರ ಹೆಂಡತಿಯೋ ಮಗನೋ ಆಗಿದ್ದರೆ, ಇನ್ನೂ ಒಳ್ಳೆಯದು.

ಐದಾರು ಜನ ಸಿಕ್ಕರೆ ಸಾಕು, ಹನ್ನೆರಡು ದಾಟದಿರಲಿ. ಜನ ಹುಡುಕಲು ಈ ನಗರದ ಕನ್ನಡಿಗರಿಗೆ ಇರುವಷ್ಟು ಅನುಕೂಲ ಹೊರನಾಡಿನಲ್ಲಿ ಬೇರೆ ಕಡೆ ಕಡಿಮೆ. 1926ರಿಂದ ಇರುವ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಡೊಂಬಿವಲಿಯ ಕರ್ನಾಟಕ ಸಂಘ ಇವುಗಳ ಕಾರ್ಯಕ್ರಮಗಳಿಗೆ ಬರುವವರಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಸೊಂಟಕ್ಕೆ ಕೈಯಿಟ್ಟು ಕುಳಿತವರನ್ನು ನೀವೇ ನೋಡಿರುತ್ತೀರಿ. ಕಾರ್ಯಕ್ರಮ ಮುಗಿದ ಮೇಲೆ ಎರಡು ನಿಮಿಷ ಪ್ರಕಟಣೆಗೆ ಪದಾಧಿಕಾರಿಗಳ ಅನುಮತಿ ಕೇಳಿ. ಹೋಟೆಲ್ ಕೆಲಸಗಾರರನ್ನು ಮರೆಯಬೇಡಿ. ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತು ದೋಸೆ ಹುಯ್ಯುವವರು, ಹಿಟ್ಟಿನ ಪಾತ್ರೆ ಎತ್ತುವವರು ಸಭಾಂಗಣಗಳಿಗೆ ಬರುವುದಿಲ್ಲ. ಅವರಿಗೆ ಮಧ್ಯಾಹ್ನ ಮೂರರಿಂದ ಐದರ ನಡುವಿನ ಬಿಡುವಿನಲ್ಲಿ ಹೋಟೆಲಿಗೇ ಹೋಗಿ ಹೇಳಬೇಕು.

ಜಾಗ ಆರಿಸುವಾಗ ನೋಡಬೇಕಾದವು: ನೆಲಮಹಡಿ ಅಥವಾ ಕೆಲಸ ಮಾಡುವ ಲಿಫ್ಟ್, ಬೆನ್ನಿಗೆ ಒರಗು ಇರುವ ಗಟ್ಟಿ ಕುರ್ಚಿಗಳು, ಮಲಗಿಕೊಳ್ಳಲು ಎರಡು ಚಾಪೆ, ಕುಕ್ಕರಗಾಲಿನಲ್ಲಿ ಕೂರಬೇಕಿಲ್ಲದ ಶೌಚಾಲಯ. ಮೆತ್ತನೆಯ ಸೋಫಾ ಇರುವ ಅಂದದ ಕೋಣೆಗಿಂತ ಶಾಲೆಯ ಕೊಠಡಿ ಮೇಲು. ಹೌಸಿಂಗ್ ಸೊಸೈಟಿಯ ಕಚೇರಿ ಕೋಣೆ, ಸಂಘದ ಚಿಕ್ಕ ಕೊಠಡಿ, ಕನ್ನಡ ಶಾಲೆಯ ತರಗತಿ ಇವು ಸಾಮಾನ್ಯವಾಗಿ ಕೇಳಿದರೆ ಸಿಗುತ್ತವೆ.

ವೇಳೆಯ ವಿಷಯದಲ್ಲಿ ಎಲ್ಲರೂ ಎಡವುವುದು ಭಾನುವಾರದ ಮೆಗಾ ಬ್ಲಾಕ್‌ನಲ್ಲಿ. ಹಳಿ ದುರಸ್ತಿಗೆಂದು ಭಾನುವಾರ ಹಗಲಿನಲ್ಲಿ ಕೆಲವು ತಾಸು ರೈಲು ಕಡಿಮೆಯಾದರೆ ಮುಂದಿನ ಗಾಡಿಯಲ್ಲಿ ನೂಕುನುಗ್ಗಲು ಹೆಚ್ಚುತ್ತದೆ. ಬೆನ್ನುನೋವಿನವರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಶನಿವಾರವೇ ರೈಲ್ವೆಯ ಪ್ರಕಟಣೆ ನೋಡಿ ಎಲ್ಲರಿಗೂ ತಿಳಿಸಿ. ನನ್ನ ಅನುಭವದಲ್ಲಿ ಶನಿವಾರ ಮಧ್ಯಾಹ್ನ ಎರಡರಿಂದ ಮೂರೂವರೆ ಒಳ್ಳೆಯ ಹೊತ್ತು. ಬೆಳಗಿನ ಗರ್ದಿ ಇಳಿದಿರುತ್ತದೆ, ಸಂಜೆಯದು ಶುರುವಾಗಿರುವುದಿಲ್ಲ. ವಿಕಲಚೇತನರ ಬೋಗಿಗೆ ಪ್ರಮಾಣಪತ್ರ ಬೇಕು. ಸೊಂಟಕ್ಕೆ ಬೆಲ್ಟ್ ಕಟ್ಟಿದ ಮಾತ್ರಕ್ಕೆ ಹತ್ತಿದರೆ ದಂಡ ತೆರಬೇಕಾದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆಯ ದಿನ ಸಾಯನ್, ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ಕಡೆ ನೀರು ನಿಲ್ಲುತ್ತದೆ. ಅಂಥ ದಿನ ಸಭೆಯನ್ನು ಫೋನಿನಲ್ಲಿ ನಡೆಸಿ. ಮೊಣಕಾಲುದ್ದದ ನೀರಿನಲ್ಲಿ ಕಾಣದ ಹೊಂಡಕ್ಕೆ ಕಾಲಿಟ್ಟು ಬೆನ್ನು ಉಳುಕಿಸಿಕೊಳ್ಳುವಷ್ಟು ದೊಡ್ಡ ಸಭೆ ಯಾವುದೂ ಇಲ್ಲ.

ಹಂತ 3: ಮೊದಲ ದಿನವೇ ಕಟ್ಟಳೆ

ನಿಯಮಗಳನ್ನು ಮೊದಲ ದಿನ ಓದಿ ಹೇಳಿ. ಆಮೇಲೆ ಹೇಳಹೊರಟರೆ ಯಾರೋ ಒಬ್ಬರನ್ನು ಗುರಿಮಾಡಿದಂತೆ ಆಗುತ್ತದೆ. ನಮ್ಮ ಬಳಗದಲ್ಲಿ ಬಳಸುವವು ಇವು:

ಒಂದು, “ನನಗೆ ಹೀಗಾಯಿತು” ಎನ್ನಿ, “ನೀವು ಹೀಗೆ ಮಾಡಿ” ಎನ್ನಬೇಡಿ. ಬಳಗದ ಜೀವಾಳ ಇದೇ. ನಿಮ್ಮ ಡಿಸ್ಕ್ ಬೇರೆ, ಅವರ ಡಿಸ್ಕ್ ಬೇರೆ. ಒಬ್ಬರಿಗೆ ಹಿತವಾದ ಭುಜಂಗಾಸನ ನರದ ದಾರಿ ಕಿರಿದಾಗಿರುವ ಹಿರಿಯರಿಗೆ ಕಾಲಿನ ನೋವನ್ನು ಹೆಚ್ಚಿಸಬಹುದು.

ಎರಡು, ಮಾತ್ರೆ ಹಂಚಿಕೊಳ್ಳುವಂತಿಲ್ಲ. “ನನ್ನ ಹತ್ತಿರ ಒಂದು ಇದೆ, ತೆಗೆದುಕೊಳ್ಳಿ” ಎಂಬ ಉಪಕಾರ ಅಪಾಯದ್ದು. ನೋವಿನ ಮಾತ್ರೆಗಳನ್ನು ದಿನಗಟ್ಟಲೆ ತಾವಾಗಿ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಮೂರು, ಇಲ್ಲಿ ಕೇಳಿದ್ದು ಇಲ್ಲಿಯೇ. ಮುಂಬಯಿಯ ಕನ್ನಡ ಸಮಾಜ ಒಬ್ಬರಿಗೊಬ್ಬರು ಪರಿಚಯದ ಸಮಾಜ. ಮಗಳಿಗೆ ಸಂಬಂಧ ನೋಡುತ್ತಿರುವ ತಾಯಿ ತನ್ನ ಆಪರೇಷನ್ ಸುದ್ದಿ ಊರಿಗೆ ತಲಪುವುದೆಂದು ಹೆದರಿ ಬಾಯಿ ಬಿಡುವುದಿಲ್ಲ. ಮಾಲೀಕರ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ ಎಂದು ಅಡುಗೆಯವರು ಹೆದರುತ್ತಾರೆ. ಈ ಭಯವನ್ನು ಸಣ್ಣದೆಂದು ತಳ್ಳಬೇಡಿ.

ನಾಲ್ಕು, ವೈದ್ಯರ ಅಥವಾ ಆಸ್ಪತ್ರೆಯ ಹೆಸರು ಹೇಳಿ ಹೊಗಳುವುದೂ ಬೇಡ, ಬಯ್ಯುವುದೂ ಬೇಡ. ಐದು, ಯಾರೂ ಏನೂ ಮಾರುವಂತಿಲ್ಲ. ಶುಲ್ಕವಿಲ್ಲ. ಚಹಾದ ಖರ್ಚನ್ನು ಡಬ್ಬಿಗೆ ಹಾಕಿ, ಲೆಕ್ಕ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಇಡಿ.

ಹಂತ 4: ತೊಂಬತ್ತು ನಿಮಿಷ ಹೇಗೆ ಕಳೆಯಬೇಕು

ಕುರ್ಚಿಗಳನ್ನು ವೃತ್ತವಾಗಿ ಇಡಿ, ನಡುವೆ ಓಡಾಡುವಷ್ಟು ಜಾಗ ಬಿಡಿ. “ಯಾರು ಬೇಕಾದರೂ ಯಾವಾಗ ಬೇಕಾದರೂ ಎದ್ದು ನಿಲ್ಲಬಹುದು, ನಡೆಯಬಹುದು, ಮಲಗಬಹುದು” ಎಂದು ಆರಂಭದಲ್ಲೇ ಹೇಳಿ. ಮದುವೆ ಮನೆಯಲ್ಲಿ, ಕಚೇರಿಯಲ್ಲಿ, ಪೂಜೆಯಲ್ಲಿ ಹಲ್ಲುಕಚ್ಚಿ ಕುಳಿತವರಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂದು ಅವರ ಮುಖ ನೋಡಿದರೆ ತಿಳಿಯುತ್ತದೆ. ಅರ್ಧ ತಾಸಿಗೊಮ್ಮೆ ಎಲ್ಲರೂ ಏಳಿ.

ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಕೈಯಲ್ಲಿ ಗಡಿಯಾರ ಇರಲಿ. ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹೇಳಲಿ, ಆದರೆ ಅದಕ್ಕೇ ನಿಲ್ಲದೆ ಈ ವಾರ ಏನು ಮಾಡಲು ಆಯಿತು, ಏನು ಆಗಲಿಲ್ಲ ಎಂಬುದನ್ನು ಸೇರಿಸಲಿ. “ನೋವು ಏಳು, ಆದರೆ ಮಾರ್ಕೆಟ್ಟಿನವರೆಗೆ ನಡೆದು ಬಂದೆ” ಎಂಬುದರಲ್ಲಿ ಅಂಕಿಗಿಂತ ಹೆಚ್ಚಿನ ಸುದ್ದಿ ಇದೆ. ಮಾತನಾಡಲು ಮನಸ್ಸಿಲ್ಲದವರು “ಮುಂದಿನವರು” ಎಂದು ಬಿಟ್ಟುಕೊಡಬಹುದು.

ಎರಡನೆಯ ಸುತ್ತು ವಾರದ ಸಂಕಲ್ಪ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದೀರ್ಘಕಾಲದ ಕಾಯಿಲೆಯವರಿಗಾಗಿ ರೂಪಿಸಿದ ಆರು ವಾರಗಳ ತರಬೇತಿಯಲ್ಲಿ ಇದೇ ಮುಖ್ಯ ಪಾಠ. ಏನು, ಎಷ್ಟು, ಯಾವಾಗ, ವಾರಕ್ಕೆ ಎಷ್ಟು ದಿನ ಎಂದು ಹೇಳಬೇಕು. “ವ್ಯಾಯಾಮ ಮಾಡುತ್ತೇನೆ” ಎಂದರೆ ಸಂಕಲ್ಪವಲ್ಲ. “ಬೆಳಿಗ್ಗೆ ನೀರು ತುಂಬಿಸಿದ ಮೇಲೆ ಚಾಳಿನ ಮೊಗಸಾಲೆಯಲ್ಲಿ ಹತ್ತು ನಿಮಿಷ ನಡೆಯುತ್ತೇನೆ, ವಾರಕ್ಕೆ ನಾಲ್ಕು ದಿನ” ಎಂದರೆ ಸಂಕಲ್ಪ. ಬಳಿಕ ಕೇಳಿ: “ಆಗುತ್ತದೆ ಎಂಬ ಭರವಸೆ ಹತ್ತರಲ್ಲಿ ಎಷ್ಟು?” ಏಳಕ್ಕಿಂತ ಕಡಿಮೆ ಬಂದರೆ ಸಂಕಲ್ಪವನ್ನು ಚಿಕ್ಕದು ಮಾಡಿಸಿ. ಚಿಕ್ಕದನ್ನು ಮಾಡಿ ಮುಗಿಸಿದವರು ಮುಂದಿನ ಸಭೆಗೆ ಬರುತ್ತಾರೆ, ದೊಡ್ಡದನ್ನು ಅರ್ಧಕ್ಕೆ ಬಿಟ್ಟವರು ಮುಖ ತೋರಿಸಲು ನಾಚಿಕೊಂಡು ದೂರವಾಗುತ್ತಾರೆ.

ಇಲ್ಲಿ ಪದೇ ಪದೇ ಎದುರಾಗುವ ಕಷ್ಟ ಒಂದಿದೆ. ನೋವು ಕಡಿಮೆಯಾದ ದಿನ ಉಳಿದ ಕೆಲಸವನ್ನೆಲ್ಲ ಒಮ್ಮೆಗೇ ಎಳೆದುಕೊಳ್ಳುವುದು, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುವುದು. ನೋವಿರಲಿ ಇಲ್ಲದಿರಲಿ ಕೆಲಸವನ್ನು ಗಡಿಯಾರ ನೋಡಿ ತುಂಡು ಮಾಡುವ ಅಭ್ಯಾಸಕ್ಕೆ ಫಿಸಿಯೋಥೆರಪಿಯವರು ಪೇಸಿಂಗ್ ಎನ್ನುತ್ತಾರೆ. ಹಬ್ಬದ ಹಿಂದಿನ ವಾರ ಈ ವಿಷಯವನ್ನೇ ಇಟ್ಟುಕೊಳ್ಳಿ. ಚೌತಿಯ ಚಕ್ಕುಲಿ, ಕಡುಬುಗಳ ಹೆಸರಿನಲ್ಲಿ ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಜತನ ಮಾಡಿದ ಬೆನ್ನನ್ನು ಎರಡು ದಿನದಲ್ಲಿ ಕಳೆದುಕೊಳ್ಳುತ್ತಾರೆ.

ಎರಡು ಮೂರು ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ. ಬರುವ ಮೊದಲೇ ಪ್ರಶ್ನೆಗಳನ್ನು ಬರೆದು ಕೊಡಿ. ಕೇಳಲೇಬೇಕಾದದ್ದು ಒಂದಿದೆ: ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಪ್ರಕಟಿಸಿತು. ಸೊಂಟದ ಬೆಲ್ಟನ್ನೂ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ರೂಢಿಯ ಚಿಕಿತ್ಸೆಯಾಗಿ ಕೊಡಬಾರದು ಎಂದಿತು. ತಿಳಿವಳಿಕೆ, ವ್ಯಾಯಾಮ, ಮನಸ್ಸಿನ ಚಿಕಿತ್ಸೆ ಇವುಗಳನ್ನು ಮುಂದಿಟ್ಟಿತು. ನಿಮ್ಮ ಚೀಟಿಯಲ್ಲಿ ಬೆಲ್ಟ್ ಇದ್ದರೆ ಸಿಟ್ಟಿನಿಂದ ಕಿತ್ತೆಸೆಯಬೇಡಿ. ಆಪರೇಷನ್ ಆದವರಿಗೆ, ಮೂಳೆ ಮುರಿದವರಿಗೆ ಅದು ಬೇರೆ ಕಾರಣಕ್ಕೆ ಬೇಕಾಗಿರಬಹುದು. ಎಷ್ಟು ದಿನ, ಏಕೆ ಎಂದು ಕೇಳಿ.

ಹಂತ 5: ನೋವಿನ ಪದಕೋಶ

ಹೊರನಾಡಿನ ಬಳಗವೊಂದು ಮಾಡಬಹುದಾದ, ಬೇರೆ ಯಾರೂ ಮಾಡಿಕೊಡದ ಕೆಲಸ ಇದು. ನಮ್ಮಲ್ಲಿ ಬೆನ್ನಿನ ಕೆಳಭಾಗಕ್ಕೇ ಮೂರು ಹೆಸರು. ಕರಾವಳಿಯವರು ಸೊಂಟ ಎಂದರೆ ವಿಜಯಪುರ, ಕಲಬುರಗಿಯವರು ಟೊಂಕ, ನಡ ಎನ್ನುತ್ತಾರೆ. ಅದನ್ನು ಹಿಂದಿಗೆ ತಿರುಗಿಸುವಾಗ ಎಲ್ಲವೂ “ಕಮರ್ ಮೇ ದರ್ದ್” ಆಗಿಬಿಡುತ್ತದೆ. ವೈದ್ಯರಿಗೆ ಬೇಕಾದ ವಿವರ ಅಲ್ಲಿಯೇ ಸೋರಿಹೋಗುತ್ತದೆ.

ಎರಡು ಪದಗಳು ವಿಶೇಷವಾಗಿ ಮೋಸ ಮಾಡುತ್ತವೆ. ಜೋಮು ಎಂದು ನಾವು ಇರುವೆ ಹರಿದಂತಾಗುವುದಕ್ಕೂ ಹೇಳುತ್ತೇವೆ, ಸ್ಪರ್ಶವೇ ತಿಳಿಯದೆ ಮರಗಟ್ಟುವುದಕ್ಕೂ ಹೇಳುತ್ತೇವೆ. ನರದ ಪರೀಕ್ಷೆಯಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯದಕ್ಕೆ ಮರಾಠಿಯಲ್ಲಿ “ಮುಂಗ್ಯಾ ಯೇತಾತ್” ಎನ್ನಿ, ಹಿಂದಿಯಲ್ಲಿ “ಝುನ್‌ಝುನಿ”. ಎರಡನೆಯದಕ್ಕೆ ಮರಾಠಿಯಲ್ಲಿ “ಬಧಿರ್”, ಹಿಂದಿಯಲ್ಲಿ “ಸುನ್ನ”. ಹಾಗೆಯೇ “ಕಾಲು ಸೋತಿದೆ” ಎಂಬುದು ದಣಿವೂ ಆಗಬಹುದು, ಬಲ ಹೋಗಿರುವುದೂ ಆಗಬಹುದು. ಹಿಮ್ಮಡಿಯ ಮೇಲೆ ನಡೆಯಲು ಬರುತ್ತದೆಯೇ, ಬೆರಳ ತುದಿಯಲ್ಲಿ ನಿಲ್ಲಲು ಆಗುತ್ತದೆಯೇ, ನಡೆಯುವಾಗ ಚಪ್ಪಲಿ ಗೊತ್ತಾಗದಂತೆ ಕಳಚಿ ಬೀಳುತ್ತದೆಯೇ ಎಂದು ನೋಡಿಕೊಂಡು ಅದನ್ನೇ ಹೇಳಿ. ಚಪ್ಪಲಿ ಕಳಚುವುದು ಪಾದ ಎತ್ತುವ ಸ್ನಾಯು ಸೋತದ್ದರ ಗುರುತಾಗಿರಬಹುದು. ಅದನ್ನು ಮುಂದಿನ ತಿಂಗಳ ಭೇಟಿಯವರೆಗೆ ಇಟ್ಟುಕೊಳ್ಳಬೇಡಿ.

ಉಳಿದ ಪದಗಳನ್ನು ನಿಮ್ಮ ಬಳಗದವರ ಬಾಯಿಂದಲೇ ಸಂಗ್ರಹಿಸಿ: ತಟ್ಟನೆ ಹೊಡೆಯುವ ಚಳಕಿಗೆ ಮರಾಠಿಯಲ್ಲಿ “ಚಮಕ್” ಅಥವಾ “ಕಳ”, ಉರಿಗೆ “ಆಗ ಹೋತೆ”, ಸಿಡಿತಕ್ಕೆ “ಠಣಕಾ”. ಒಂದು ಹಾಳೆಯಲ್ಲಿ ಮನುಷ್ಯನ ಬೆನ್ನು ಮತ್ತು ಕಾಲುಗಳ ಚಿತ್ರ ಬರೆದು, ನೋವು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಬಣ್ಣದ ಪೆನ್ನಿನಲ್ಲಿ ಗುರುತಿಸಿಕೊಂಡು ಹೋಗಿ. ಐದು ನಿಮಿಷದ ಭೇಟಿಯಲ್ಲಿ ಆ ಚಿತ್ರ ಎರಡು ನಿಮಿಷ ಉಳಿಸುತ್ತದೆ.

ಹಂತ 6: ಆಪರೇಷನ್ ಎದುರಿಗಿರುವವರಿಗೆ

ಇವರನ್ನು ದೊಡ್ಡ ವೃತ್ತದಲ್ಲಿ ಮಾತ್ರ ಕೂರಿಸಿದರೆ ಸಾಲದು. ಇವರ ಭಯಕ್ಕೆ ದಿನಾಂಕ ಇದೆ. ಅದೇ ಬಗೆಯ ಆಪರೇಷನ್ ಆಗಿ ಕನಿಷ್ಠ ಆರು ತಿಂಗಳಾದ ಒಬ್ಬರನ್ನು ಜೊತೆಗಾರರಾಗಿ ಒದಗಿಸಿ. ಸಾಧ್ಯವಾದರೆ ಇಬ್ಬರನ್ನು: ಚೆನ್ನಾಗಿ ಗುಣವಾದವರೊಬ್ಬರು, ನಿರೀಕ್ಷಿಸಿದಷ್ಟು ಗುಣವಾಗದವರೊಬ್ಬರು. ಬರೀ ಒಳ್ಳೆಯ ಕಥೆ ಕೇಳಿಸಿ ಕಳುಹಿಸುವುದು ಅನ್ಯಾಯ. ಬರೀ ಕೆಟ್ಟ ಕಥೆ ಹೇಳಿ ಹೆದರಿಸುವುದೂ ಅಷ್ಟೇ ಅನ್ಯಾಯ. ಆಪರೇಷನ್ ಬೇಕೇ ಬೇಡವೇ ಎಂದು ಜೊತೆಗಾರರು ತೀರ್ಪು ಕೊಡುವಂತಿಲ್ಲ.

ಮೊದಲು ಪದಗಳು. ಡಿಸ್ಕ್ ಎಂದರೆ ಎರಡು ಮೂಳೆಗಳ ನಡುವಿನ ಮೆತ್ತೆ. ಅದರ ಹೊರಗೆ ಚಾಚಿ ನರವನ್ನು ಒತ್ತುವ ತುಣುಕನ್ನು ಚಿಕ್ಕ ಗಾಯದ ಮೂಲಕ ತೆಗೆಯುವುದು ಮೈಕ್ರೋಡಿಸ್ಕೆಕ್ಟಮಿ. ನರದ ದಾರಿ ಕಿರಿದಾದಾಗ ಮೂಳೆಯ ಹಿಂಬದಿಯ ಚಪ್ಪಟೆ ಭಾಗವನ್ನು ತೆಗೆದು ಜಾಗ ಮಾಡುವುದು ಲ್ಯಾಮಿನೆಕ್ಟಮಿ. ಎರಡು ಮೂಳೆಗಳನ್ನು ಸ್ಕ್ರೂ, ಸರಳುಗಳಿಂದ ಹಿಡಿದು ಒಂದಾಗಿ ಬೆಸೆಯುವುದು ಫ್ಯೂಷನ್. ಇವು ಮೂರೂ ಒಂದೇ ಅಲ್ಲ. ಚೇತರಿಕೆಯ ಕಾಲವೂ ಖರ್ಚೂ ಬೇರೆ ಬೇರೆ. “ಬೆನ್ನಿನ ಆಪರೇಷನ್” ಎಂದಷ್ಟೇ ಗೊತ್ತಿದ್ದು ದಿನ ಗೊತ್ತುಮಾಡಿಕೊಂಡವರು ನಮ್ಮಲ್ಲಿಗೆ ಬಂದಿದ್ದಾರೆ.

ಎಂಆರ್‌ಐ ವರದಿಯ ಬಗ್ಗೆ ಒಂದು ಮಾತು. ಅದರಲ್ಲಿ ಬರುವ “ಡಿಸ್ಕ್ ಬಲ್ಜ್”, “ಡಿಜೆನರೇಷನ್” ಎಂಬ ಪದಗಳನ್ನು ನೋಡಿ ನಿದ್ರೆ ಕೆಡಿಸಿಕೊಳ್ಳುವವರೇ ಹೆಚ್ಚು. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 20 ವರ್ಷದವರಲ್ಲೇ ಶೇಕಡಾ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು, 80 ವರ್ಷದವರಲ್ಲಿ ಶೇಕಡಾ 84ರಷ್ಟು ಮಂದಿಗೆ. ಚಿತ್ರದಲ್ಲಿ ಕಂಡದ್ದು ನಿಮ್ಮ ನೋವಿಗೆ, ನಿಮ್ಮ ಕಾಲಿನ ಪರೀಕ್ಷೆಗೆ ಹೊಂದುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ವೈದ್ಯರ ಬಳಿಗೆ ಬರೆದುಕೊಂಡು ಹೋಗಬೇಕಾದ ಪ್ರಶ್ನೆಗಳು:

1. ಯಾವ ಎರಡು ಮೂಳೆಗಳ ನಡುವೆ, ನಿಖರವಾಗಿ ಏನು ಮಾಡುತ್ತೀರಿ?
2. ಇದರಿಂದ ಕಡಿಮೆಯಾಗುವುದು ಕಾಲಿನ ನೋವೋ ಬೆನ್ನಿನ ನೋವೋ? ನರದ ಒತ್ತಡ ಬಿಡಿಸುವ ಆಪರೇಷನ್ನಿನಲ್ಲಿ ಕಾಲಿಗೆ ಇಳಿಯುವ ನೋವು ತಗ್ಗುವ ಭರವಸೆ ಹೆಚ್ಚು, ಬೆನ್ನಿನ ನೋವಿನ ಬಗ್ಗೆ ಅಷ್ಟು ಭರವಸೆ ಕೊಡಲು ಬರುವುದಿಲ್ಲ. ಆಮೇಲೆ ಬರುವ ನಿರಾಸೆಯ ದೊಡ್ಡ ಪಾಲು ಇದನ್ನು ಮೊದಲೇ ಕೇಳದೆ ಇದ್ದುದರಿಂದ ಬಂದದ್ದು.
3. ಆರು ವಾರ ಕಾದರೆ ಏನು ನಷ್ಟ? ಬಲ ಕುಂದದಿದ್ದರೆ, ಡಿಸ್ಕಿನಿಂದ ಬಂದ ಕಾಲುನೋವು ಅನೇಕರಲ್ಲಿ ವಾರಗಳು ಕಳೆದಂತೆ ತಾನಾಗಿ ತಗ್ಗುತ್ತದೆ.
4. ಸೋಂಕು, ನರಕ್ಕೆ ಪೆಟ್ಟು, ನರದ ಹೊದಿಕೆ ಹರಿಯುವುದು, ಡಿಸ್ಕ್ ಮತ್ತೆ ಜಾರುವುದು ಇವು ನಿಮ್ಮ ಅನುಭವದಲ್ಲಿ ಎಷ್ಟು?
5. ಸ್ಕ್ರೂ, ಸರಳು, ಔಷಧಿ, ಕೋಣೆ ಎಲ್ಲ ಸೇರಿ ಒಟ್ಟು ಎಷ್ಟು? ಬರೆದುಕೊಡುತ್ತೀರಾ?
6. ಮೆಟ್ಟಿಲು ಹತ್ತುವುದು, ರೈಲು ಹತ್ತುವುದು, ಕೆಲಸಕ್ಕೆ ಮರಳುವುದು ಯಾವಾಗ?

ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಎಂಆರ್‌ಐ ಫಿಲ್ಮು, ಸಿಡಿ, ವರದಿ ನಿಮ್ಮ ಸ್ವತ್ತು, ಕೇಳಿ ಪಡೆಯಿರಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ. ತಂಬಾಕಿನಲ್ಲಿರುವ ನಿಕೋಟಿನ್ ಮೂಳೆ ಬೆಸೆಯುವುದಕ್ಕೆ ಅಡ್ಡಿ ಮಾಡುತ್ತದೆ, ಫ್ಯೂಷನ್ ಆಗುವವರು ಬೀಡಿ ಸಿಗರೇಟಿನೊಂದಿಗೆ ಜಗಿಯುವುದನ್ನೂ ಬಿಡಬೇಕು.

ಹಣದ ವಿಷಯದಲ್ಲಿ ವಿಮೆಯ ಪತ್ರವನ್ನು ಮೊದಲೇ ಓದಿ. ಡಿಸ್ಕ್ ತೊಂದರೆಗೆ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೆ ಇಷ್ಟು ಕಾಲ ಹಣ ಸಿಗದು ಎಂಬ ಷರತ್ತು, ಇಟ್ಟಿರುವ ಪಾಲಿಸಿಗಳು ಬಹಳ. ದಾಖಲಾಗುವ ಹಿಂದಿನ ದಿನ ಅದು ಗೊತ್ತಾದರೆ ಆಗುವ ಸಂಕಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮತ್ತು ಆಯುಷ್ಮಾನ್ ಭಾರತದಲ್ಲಿ ನಿಮ್ಮ ಆಪರೇಷನ್ ಸೇರಿದೆಯೇ, ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಸಮಾಜ ಕಾರ್ಯಕರ್ತರನ್ನು ಕೇಳಿ.

ಇನ್ನು ಮನೆ. ಆಸ್ಪತ್ರೆ ಕೊಡುವ ಕರಪತ್ರದಲ್ಲಿ “ಬಾಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ” ಎಂದಿರುತ್ತದೆ. ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆಂದು ಬರೆದಿರುವುದಿಲ್ಲ. ಜೊತೆಗಾರರು ಆಪರೇಷನ್ನಿಗೆ ಎರಡು ವಾರ ಮೊದಲು ಮನೆಗೆ ಹೋಗಿ ನೋಡಲಿ. ನೆಲದ ಹಾಸಿಗೆಯ ಬದಲು ಮೊಣಕಾಲಿನ ಎತ್ತರದ ಮಂಚ ಬೇಕು, ಸಿಗದಿದ್ದರೆ ಬಾಡಿಗೆಗೆ ತನ್ನಿ. ಚಾಳಿನ ಸಾಮೂಹಿಕ ಶೌಚಾಲಯ ಕುಕ್ಕರಗಾಲಿನದಾದರೆ ಕಮೋಡ್ ಕುರ್ಚಿಯೊಂದು ಬೇಕೇ ಬೇಕು. ಬೆಳಿಗ್ಗೆ ಐದಕ್ಕೆ ಬರುವ ನೀರನ್ನು ಯಾರು ಹಿಡಿಯುತ್ತಾರೆ, ಗ್ಯಾಸ್ ಸಿಲಿಂಡರ್ ಯಾರು ಬದಲಿಸುತ್ತಾರೆ ಎಂದು ಹೆಸರು ಹಿಡಿದು ಬರೆಯಿರಿ. ದಿನದ ಪಾತ್ರೆ, ಅಕ್ಕಿ ಡಬ್ಬಿ ಸೊಂಟದ ಮಟ್ಟಕ್ಕೆ ಬರಲಿ. ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯಾದರೆ ಹೊಲಿಗೆ ನೋಡಿಸಲು ಹೋಗುವ ದಿನಗಳನ್ನು ಒಟ್ಟುಮಾಡಿಕೊಳ್ಳಬಹುದೇ ಎಂದು ಆಸ್ಪತ್ರೆಯಲ್ಲಿ ಮುಂಚೆಯೇ ವಿಚಾರಿಸಿ.

ಆಪರೇಷನ್ ಆದ ಮೇಲೆ ಮೊದಲ ಎರಡು ವಾರ ಜೊತೆಗಾರರು ದಿನ ಬಿಟ್ಟು ದಿನ ಫೋನ್ ಮಾಡಲಿ. ಗಾಯದಿಂದ ನೀರು ಸೋರುವುದು, ಜ್ವರ, ಕುಳಿತಾಗ ಹೆಚ್ಚುವ ತಲೆನೋವು, ಒಂದು ಮೀನಖಂಡ ಮಾತ್ರ ಊದಿಕೊಳ್ಳುವುದು, ತಟ್ಟನೆ ಏದುಸಿರು ಇವು ಕೇಳಿಬಂದರೆ ಸಮಾಧಾನ ಹೇಳುತ್ತ ಕೂರದೆ ಆಸ್ಪತ್ರೆಗೆ ಕಳುಹಿಸಬೇಕು.

ಹಂತ 7: ವಾಟ್ಸ್ಆ್ಯಪ್ ಗುಂಪು

ಸಭೆಯ ಸುದ್ದಿಗೆ ಒಂದು ಗುಂಪು ಇರಲಿ, ಹರಟೆಗೆ ಬೇಡ. ಎಂಆರ್‌ಐ ವರದಿಯನ್ನು ಅಲ್ಲಿ ಹಾಕಿ “ನೋಡಿ ಹೇಳಿ” ಎನ್ನುವುದನ್ನು ನಿಲ್ಲಿಸಿ. ಒಮ್ಮೆ ಹೋದದ್ದು ಮತ್ತೆ ಕೈಗೆ ಬರುವುದಿಲ್ಲ. ಎಲ್ಲಿಂದಲೋ ಬಂದ ಮನೆಮದ್ದಿನ ಸಂದೇಶಗಳನ್ನು ನಡೆಸುವವರಿಬ್ಬರೂ ತಪ್ಪದೆ ಅಳಿಸಬೇಕು. ರಾತ್ರಿ ಹತ್ತರ ನಂತರ ಸಂದೇಶ ಬೇಡ, ನೋವಿನವರಿಗೆ ನಿದ್ರೆ ಬರುವುದೇ ದೊಡ್ಡದು.

ಹಂತ 8: ಮನಸ್ಸು ಕುಸಿದವರನ್ನು ಗುರುತಿಸುವುದು

“ಇದ್ದೂ ಪ್ರಯೋಜನವಿಲ್ಲ”, “ಎಲ್ಲರಿಗೂ ಭಾರವಾಗಿದ್ದೇನೆ” ಎಂಬ ಮಾತು ಬಂದರೆ ವಿಷಯ ಬದಲಿಸಬೇಡಿ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು “ಸಾಯಬೇಕು ಅನ್ನಿಸುತ್ತಿದೆಯೇ?” ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳುಹಿಸಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಅವರ ಪಕ್ಕದಲ್ಲೇ ಕುಳಿತು ಕರೆ ಮಾಡಿಸಿ, ಮನೆಯವರೊಬ್ಬರಿಗೆ ತಿಳಿಸಿ, ಮನೋವೈದ್ಯರ ಭೇಟಿಗೆ ಜೊತೆಗೆ ಹೋಗಿ.

ಹಂತ 9: ನಾಲ್ಕನೆಯ ತಿಂಗಳು

ಮೂರು ಸಭೆ ತುಂಬಿ ನಡೆಯುತ್ತವೆ, ನಾಲ್ಕನೆಯದಕ್ಕೆ ಮೂವರು ಬರುತ್ತಾರೆ. ಹೆದರಬೇಡಿ, ಮೂವರೊಂದಿಗೇ ನಡೆಸಿ. ಬಾರದವರಿಗೆ ಅದೇ ವಾರ ಒಂದು ಫೋನ್ ಮಾಡಿ, ಏಕೆ ಬರಲಿಲ್ಲ ಎಂದು ವಿಚಾರಣೆ ಮಾಡದೆ ಹೇಗಿದ್ದೀರಿ ಎಂದಷ್ಟೇ ಕೇಳಿ. ಗುಣವಾದವರು ದೂರವಾಗುವುದು ಸಹಜ. ಅವರ ಹೆಸರು, ಆದ ಆಪರೇಷನ್, ಯಾವ ವೇಳೆಯಲ್ಲಿ ಕರೆ ಮಾಡಬಹುದು ಎಂಬುದನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಆ ಪುಸ್ತಕ ನಡೆಸುವವರಿಬ್ಬರ ಬಳಿ ಮಾತ್ರ ಇರಲಿ. ಮುಂದಿನ ಸಲ ಯಾರಾದರೂ ಆಪರೇಷನ್ನಿನ ದಿನಾಂಕ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ಮೊದಲು ತೆರೆಯುವುದು ಅದನ್ನೇ.